ಹದಿನಾರಾಣೆ ಎದೆಯುರಿ

ಸಕಲೇಶಪುರದ ತೋಟಗಾರರ ಹಾಗೂ ವರ್ತಕರ ಆರೋಗ್ಯ ಸಹಕಾರ ಸಂಘದ ಆಸ್ಪತ್ರೆಯಲ್ಲಿ ೧೯೭೯ನೇ ಇಸವಿ ಫೆಬ್ರವರಿ ಒಂದನೇ ತಾರೀಖಿನಿಂದ ಯಾವ ರೋಗಿಗೂ ಅವನೊಬ್ಬನದೇ ಆದ ಕಾಯಿಲೆ ಇರತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂತು. ಆಡಳಿತ ಮಂಡಳಿ ಇದನ್ನು ಸರ್ವಾನುಮತದಿಂದ ಅಂಗೀಕರಿಸಿತ್ತು. ಒಂಬತ್ತು ನಿರ್ದೇಶಕರಲ್ಲಿ ಎಂಟು ಮಂದಿ ಕೈಯೆತ್ತಿದರು. ಒಂಬತ್ತನೆಯವರು ಆ ಹೊತ್ತಿಗೆ ತೂಕಡಿಸುತ್ತಿದ್ದರು. ಅವರ ತಲೆ ಮುಂದಕ್ಕೆ ವಾಲಿದ್ದನ್ನು ನಡಾವಳಿ ಪುಸ್ತಕದಲ್ಲಿ ಅನುಮೋದನೆ ಎಂದು ಬರೆದುಕೊಳ್ಳಲಾಯಿತು.

ನಿಯಮ ತಂದವರು ಆಸ್ಪತ್ರೆಯ ಕಾರ್ಯದರ್ಶಿ ವೀರಭದ್ರಯ್ಯ. ಕಾಫಿ ಪೂಲಿನ ಡಿಪೋ ಒಂದರಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಪೂಲು ಎಂದರೆ ಏನೆಂದು ಆ ಕಾಲದಲ್ಲಿ ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿಲ್ಲ. ಎಲ್ಲರ ಕಾಫಿಯೂ ಒಂದೇ ರಾಶಿಗೆ ಬೀಳಬೇಕು. ಬಿದ್ದ ಮೇಲೆ ಇದು ಯಾರದು ಎಂದು ಕೇಳಬಾರದು. ರಾಶಿಯ ಒಟ್ಟು ಯೋಗ್ಯತೆ ಕಟ್ಟಿ, ಅವರವರ ಪಾಲನ್ನು ಕಂತಿನ ಮೇಲೆ ಕಂತಾಗಿ ಹಂಚುತ್ತಾರೆ. ಕಾಫಿಗೆ ಒಪ್ಪಿದ ಕ್ರಮ ಕಾಯಿಲೆಗೆ ಯಾಕೆ ಒಪ್ಪಬಾರದು ಎಂಬುದು ವೀರಭದ್ರಯ್ಯನವರ ಪ್ರಶ್ನೆ. ನಿರ್ದೇಶಕರೆಲ್ಲ ಬೆಳೆಗಾರರೇ ಆದದ್ದರಿಂದ ಅವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ವಿಚಿತ್ರ ಕಂಡದ್ದು ಕ್ಯಾಜಿಟನ್ ಡಿಸೋಜ ಒಬ್ಬರಿಗೆ. ಊರವರ ಬಾಯಲ್ಲಿ ಪೊರ್ಬುಗಳು ಎಂದೇ ಹೆಸರಾದ ಅವರದು ಕಾಳುಮೆಣಸಿನ ವ್ಯಾಪಾರ. ಮೆಣಸಿಗೆ ಪೂಲಿಲ್ಲ. ಒಂದು ಹಿಡಿ ಅಂಗೈಗೆ ಸುರುವಿಕೊಂಡು, ಉಫ್ ಎಂದು ಊದಿ ಜೊಳ್ಳು ಹಾರಿಸಿ, ನಾಲ್ಕು ಕಾಳು ಹಲ್ಲಲ್ಲಿ ಕಡಿದು, ನಿಂತ ನಿಲುವಿನಲ್ಲೇ ಹೌದು ಅಥವಾ ಅಲ್ಲ ಎಂದು ಹೇಳಿ ಮುಗಿಸುವ ಬಾಳು ಅದು. ಮೂವತ್ತು ವರ್ಷದಲ್ಲಿ ಅವರು ಪಪ್ಪಾಯಿ ಬೀಜ ಬೆರೆಸಿದ ಮೂಟೆಯನ್ನು ಹೊಲಿಗೆ ಬಿಚ್ಚದೆ ವಾಸನೆಯಿಂದಲೇ ಹಿಡಿದದ್ದುಂಟು. ಅಂಥವರಿಗೆ ತಮ್ಮ ಎದೆಯೊಳಗೆ ಏನಿದೆ ಎಂದು ತಿಳಿಯಲು ಇನ್ನೊಬ್ಬರ ಬಾಗಿಲಿಗೆ ಹೋಗಬೇಕಾಗಿ ಬಂದದ್ದೇ ಒಂದು ಅವಮಾನ.

ಎದೆ ಉರಿಯಲು ಶುರುವಾಗಿ ಎರಡು ವರ್ಷವಾಗಿತ್ತು. ಹೊಟ್ಟೆತುಂಬ ಉಂಡು ಅಡ್ಡಾದರೆ ಸಾಕು, ಎದೆಗೂಡಿನಿಂದ ಗಂಟಲ ತನಕ ಬೆಂಕಿಯ ಗೆರೆ ಎಳೆದ ಹಾಗೆ. ಬಾಯಿಗೆ ಹುಳಿನೀರು. ವ್ಯಾಪಾರಸ್ಥನ ಎದೆ ಉರಿಯದೆ ಇನ್ನಾರದು ಉರಿಯುತ್ತದೆ ಎಂದು ಅವರು ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಲೆಕ್ಕಕ್ಕಿಡಬೇಕಾಗಿ ಬಂದದ್ದು ಮಗಳು ಪೆಟ್ರೀಷಿಯಾಳ ನಿಶ್ಚಯದ ದಿನ. ಹಂದಿಮಾಂಸವನ್ನು ಮೂರನೆಯ ಸಲ ಬಡಿಸಿಕೊಂಡು ಮುಗಿಸಿ, ಹುಡುಗನ ಸೋದರಮಾವ ಬೊನಿಫಾಸ್ ಲೋಬೊರ ಮುಂದೆ ಮದುವೆಯ ತಾರೀಖಿನ ಮಾತೆತ್ತಿದರು ನೋಡಿ, ಉರಿ ಬಂತು. ಎದೆ ಹಿಡಿದುಕೊಂಡು ಕುರ್ಚಿಗೆ ಒರಗಿದರು. ಬೊನಿಫಾಸ್ ಮಂಗಳೂರು ಕಡೆಯಲ್ಲಿ ಪೂಲಿನ ಕಾಫಿಯನ್ನು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು. ಕಣ್ಣಿಗೆ ಬಿದ್ದದ್ದನ್ನು ಕಾಗದಕ್ಕೆ ಇಳಿಸದೆ ಬಿಟ್ಟವರಲ್ಲ.

"ಕ್ಯಾಜಿಟನ್ ಬಾಬ್, ಅದು ಹೊಟ್ಟೆಯೋ ಹೃದಯವೋ?"

ಹೊಟ್ಟೆ ಎಂದರು ಕ್ಯಾಜಿಟನ್. ಹೇಳಿದ್ದು ಯಾರು ಎಂದರು ಬೊನಿಫಾಸ್. ನಾನೇ ಹೇಳುತ್ತಿದ್ದೇನಲ್ಲ ಎಂದರು ಇವರು. ಮಾಲು ತಂದವನೇ ಮಾಲಿನ ಗುಣ ಬರೆದುಕೊಟ್ಟರೆ ಯಾವ ಗೋದಾಮಿನಲ್ಲೂ ನಡೆಯುವುದಿಲ್ಲ ಎಂದು ಅವರು ಸಾವಕಾಶವಾಗಿ ವಿವರಿಸಿದರು. ಹುಡುಗನಿಗೆ ಹಡಗಿನ ಕೆಲಸ. ಮೇ ತಿಂಗಳು ಕಳೆದರೆ ಮತ್ತೆ ಹದಿನೆಂಟು ತಿಂಗಳು ನೀರಿನ ಮೇಲೆ. ಅದು ಹೃದಯವೇ ಆಗಿದ್ದು, ಎಲ್ಲ ಗೊತ್ತಾದ ಮೇಲೆ ಹೆಣ್ಣಿನ ತಂದೆ ಹೋಗಿಬಿಟ್ಟರೆ, ಸಾವಿನ ಮನೆಯಲ್ಲಿ ವರ್ಷದ ತನಕ ಮದುವೆಯೂ ಇಲ್ಲ, ಕಾಯುತ್ತ ಕೂತರೆ ಹಡಗೂ ಇಲ್ಲ. ತಕರಾರಿದ್ದವರು ಹೇಳಲಿ ಎಂದು ಇಗರ್ಜಿಯಲ್ಲಿ ಮದುವೆಯ ಚೀಟಿಯನ್ನು ಮೊದಲೇ ಮೂರು ಭಾನುವಾರ ಓದುತ್ತಾರೆ. ಮೂರನೆಯ ಚೀಟಿಗೆ ಮೊದಲು, ಇದು ಹೃದಯವಲ್ಲ ಎಂದು ಆಸ್ಪತ್ರೆಯ ಮೊಹರು ಬಿದ್ದ ಪತ್ರ ಕೈಗೆ ಬರಬೇಕು. ಬಾರದಿದ್ದರೆ ಹುಡುಗನಿಗೆ ಕುಂದಾಪುರದ ಕಡೆಯಿಂದಲೂ ಒಂದು ಸಂಬಂಧ ಕೇಳಿಬಂದಿದೆ, ಅಲ್ಲಿಯ ತಂದೆ ಗಟ್ಟಿಮುಟ್ಟಾಗಿದ್ದಾರಂತೆ.

ಅವರು ಹೋದ ಮೇಲೆ ಪೆಟ್ರೀಷಿಯಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಂಡತಿ ಕಾನ್ಸೆಪ್ಟಾ, ಮೂರನೆಯ ಸಲ ಬಡಿಸಿಕೊಳ್ಳುವಾಗಲೇ ತಾನು ಕಣ್ಸನ್ನೆ ಮಾಡಿದ್ದೆ ಎಂಬುದನ್ನು ನೆನಪಿಸಿದಳು. ಆಮೇಲಿನ ಮೂರು ತಿಂಗಳು ದಿನಕ್ಕೊಂದು ಸಲ ನೆನಪಿಸಿದಳು.

ಆಸ್ಪತ್ರೆಯ ಡಾಕ್ಟರ್ ಸುಸಾನ್‌ಗೆ ಮೂವತ್ತು ತುಂಬಿರಲಿಲ್ಲ. ಅವರು ಕೇಳಿದ ಪ್ರಶ್ನೆಗಳು ಮೆಣಸು ನೋಡುವವನ ಪ್ರಶ್ನೆಗಳಂತೆ ಕೆಲವೇ, ಗುರಿಯಿಟ್ಟವು. ಉರಿ ಯಾವಾಗ, ಊಟಕ್ಕೆ ಮೊದಲೋ ಆಮೇಲೋ? ಮಲಗಿದರೆ, ಬಗ್ಗಿದರೆ ಹೆಚ್ಚೋ? ಬಾಯಿಗೆ ಹುಳಿ ಬರುತ್ತದೋ? ನುಂಗುವಾಗ ಅನ್ನ ಸಿಕ್ಕಿಹಾಕಿಕೊಳ್ಳುತ್ತದೋ? ತೂಕ ಇಳಿದಿದೆಯೋ? ಏರು ಹತ್ತುವಾಗ ಎದೆ ಹಿಂಡುತ್ತದೋ, ಎಡಗೈಗೆ ಇಳಿಯುತ್ತದೋ? ಆಮೇಲೆ ಇಸಿಜಿ ತೆಗೆದು ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಹೃದಯ ಚೆನ್ನಾಗಿದೆ ಅಂಕಲ್. ಹೊಟ್ಟೆಯ ಹುಳಿ ಮೇಲಕ್ಕೆ ಬರ್ತಾ ಇದೆ, ಅಷ್ಟೆ. ಎರಡು ವಾರ ಈ ಬಿಳೀ ಔಷಧಿ ಕುಡೀರಿ. ಇಳಿದರೆ ಅದೇ ಪುರಾವೆ. ಇಳೀದಿದ್ರೆ ಬೇರಿಯಂ ಕುಡಿಸಿ ಎಕ್ಸ್-ರೇ ತೆಗೆಸೋಣ. ಅದಕ್ಕೂ ಜಗ್ಗದಿದ್ರೆ ಗಂಟಲಿಂದ ಕೊಳವೆ ಇಳಿಸಿ ಒಳಗೇ ನೋಡೋ ಯಂತ್ರ ದೊಡ್ಡ ಊರಲ್ಲಿ ಇದೆ. ನಿಮಗೆ ಅಲ್ಲಿ ತನಕ ಹೋಗೋದು ಬೇಕಾಗಲಿಕ್ಕಿಲ್ಲ."

ಐದು ನಿಮಿಷ ಹಿಡಿದಿರಬೇಕು. ಕ್ಯಾಜಿಟನ್‌ಗೆ ಖುಷಿಯಾಯಿತು. ಇದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ ಎಂದರು. ಸುಸಾನ್ ಮುಖ ಸಣ್ಣ ಮಾಡಿಕೊಂಡು, ಬರೆಯುವುದು ಕಾರ್ಯದರ್ಶಿಗಳ ಕೋಣೆಯಲ್ಲಿ ಎಂದರು.

ಕಾರ್ಯದರ್ಶಿಗಳ ಕೋಣೆಯ ಗೋಡೆಗೆ ಹೊಸದಾಗಿ ಒಂದು ಪ್ರಕಟಣೆ ಅಂಟಿಸಿತ್ತು.

"ಎದೆಯುರಿಯುಳ್ಳ ಎಲ್ಲ ಸದಸ್ಯರ ಗಮನಕ್ಕೆ. ಊರ್ಧ್ವಗಾಮಿ ಆಮ್ಲ ವ್ಯಾಧಿಯ ಈ ಸಾಲಿನ ಪೂಲು ಏಪ್ರಿಲ್ ಮೂವತ್ತಕ್ಕೆ ಮುಚ್ಚುತ್ತದೆ. ಅಲ್ಲಿಯವರೆಗೆ ಯಾವ ಸದಸ್ಯರೂ ತಮ್ಮ ಎದೆಯನ್ನು ಹೊರಗಿನ ಖಾಸಗಿ ವೈದ್ಯರಿಗೆ ತೋರಿಸತಕ್ಕದ್ದಲ್ಲ. ತೋರಿಸಿದಲ್ಲಿ ಕಳ್ಳಸಾಗಣೆ ಎಂದು ಪರಿಗಣಿಸಲಾಗುವುದು. ಪೂಲಿಗೆ ಸೇರಿದ ಕಾಯಿಲೆಯನ್ನು ಹಿಂದಕ್ಕೆ ಕೇಳುವಂತಿಲ್ಲ."

ವೀರಭದ್ರಯ್ಯ ಕನ್ನಡಕ ಒರೆಸುತ್ತ ಎಲ್ಲವನ್ನೂ ಮರ್ಯಾದೆಯಿಂದ ವಿವರಿಸಿದರು. ಡಾಕ್ಟರು ಪ್ರತಿಯೊಬ್ಬರನ್ನೂ ನೋಡಿ ಬರೆದ ಹಾಳೆಯಿಂದ ಹೆಸರಿನ ಭಾಗವನ್ನು ಕತ್ತರಿಸಿ ಡಬ್ಬಿಗೆ ಹಾಕಲಾಗುತ್ತದೆ. ಏಪ್ರಿಲ್ ಮುಗಿದ ಮೇಲೆ ಡಬ್ಬಿ ತೆರೆದು, ಒಟ್ಟು ಏನೇನು ಬಂದಿದೆ ಎಂದು ನೋಡಿ, ಎಲ್ಲರಿಗೂ ಸಮಪಾಲು. ಶೇಕಡಾ ಲೆಕ್ಕ ಕಟ್ಟಿದರೆ ಚೂರುಪಾರು ಉಳಿಯುವುದರಿಂದ ಆಣೆಯಲ್ಲಿ ಹಂಚುವುದೆಂದು ತೀರ್ಮಾನವಾಗಿದೆ. ಹದಿನಾರಾಣೆಗೆ ಒಂದು ಪೂರ್ತಿ ಕಾಯಿಲೆ.

ಡಾಕ್ಟರು ತನಗೆ ಬಾಯಲ್ಲೇ ಹೇಳಿಯಾಗಿದೆ, ತನ್ನದು ಹುಳಿ ಎಂದರು ಕ್ಯಾಜಿಟನ್.

"ಅವರು ಹೇಳಿದ್ದು ನಿಮ್ಮ ಕಾಯಿಲೆ. ಕಾಯಿಲೆ ಈಗ ಪೂಲಿನದು. ನಿಮ್ಮೊಬ್ಬರಿಗೆ ಪೂರ್ತಿ ಹುಳಿ ಕೊಟ್ಟರೆ ಉಳಿದವರು ಏನು ಮಾಡಬೇಕು ಹೇಳಿ?"

ಕ್ಯಾಜಿಟನ್ ವ್ಯಾಪಾರಿ. ಎದುರಿನವನು ಹುಚ್ಚನಾದರೂ ಮೊಹರು ಅವನ ಕೈಲಿರುವಾಗ ಜಗಳ ಆಡಬಾರದೆಂದು ಗೊತ್ತಿದ್ದವರು. ಮೊಹರಿನ ಗಾತ್ರವನ್ನು ಒಮ್ಮೆ ನೋಡಿ, ಪೂಲಿಗೆ ಹೆಸರು ಬರೆಸಿ ಮನೆಗೆ ಬಂದರು. ಬಿಳೀ ಔಷಧಿ ಕುಡಿದು ಎರಡು ವಾರದಲ್ಲಿ ಉರಿಯೂ ಇಳಿಯಿತು. ಇಳಿದ ಸಂಗತಿ ತಿಳಿಸಿದಾಗ ವೀರಭದ್ರಯ್ಯನವರು, ಪೂಲು ಮುಚ್ಚುವ ಮುನ್ನ ವಾಸಿಯಾಗುವುದಕ್ಕೆ ಅವಕಾಶವಿಲ್ಲವೆಂದೂ, ಈ ಸಲ ಎಚ್ಚರಿಕೆ ಕೊಟ್ಟು ಬಿಟ್ಟಿರುವುದಾಗಿಯೂ ಹೇಳಿದರು.

ಮಾರ್ಚಿನಲ್ಲಿ ಸ್ಯಾಂಪಲ್ ಪರೀಕ್ಷೆಗಳು ಶುರುವಾದವು. ಇದ್ದಬದ್ದ ಮೂಟೆಯನ್ನೆಲ್ಲ ಬಿಚ್ಚುವುದು ಡಿಪೋ ಪದ್ಧತಿಯಲ್ಲ; ಒಂದಕ್ಕೆ ಕೊಕ್ಕೆ ಚುಚ್ಚಿ ಬಂದದ್ದನ್ನು ನೋಡಿದರೆ ಆಯಿತು. ಚುಚ್ಚಿಸಿಕೊಳ್ಳುವ ಮೂಟೆಯಾಗಿ ಕ್ಯಾಜಿಟನ್ ಹೆಸರು ಬಂತು.

ಮೊದಲನೆಯದು ಮಲಗಿಸಿ ನೋಡುವ ಪರೀಕ್ಷೆ. ಡಾಕ್ಟರ್ ಸುಸಾನ್ ಬಾಯಲ್ಲಿ ಕೇಳಿದ ಪ್ರಶ್ನೆಯನ್ನು, ಮಲಗಿದರೆ ಹೆಚ್ಚೋ ಎಂಬುದನ್ನು, ಕಾರ್ಯದರ್ಶಿಗಳು ಒಪ್ಪಿರಲಿಲ್ಲ. ತಲೆ ಎಷ್ಟು ಕೆಳಗಿದ್ದಾಗ ಎಷ್ಟು ಹುಳಿ ಎಂಬ ಅಳತೆ ಬೇಕು. ಆಸ್ಪತ್ರೆಯ ಮಂಚಗಳು ವಾಲುವುದಿಲ್ಲ. ವಾಲುವ ಜಾಗವೆಂದರೆ ದೋಣಿಗಲ್ಲಿನ ಕೆಳಗೆ ಘಾಟಿ ರಸ್ತೆ. ಅಲ್ಲಿಯ ಇಳಿಜಾರು ಇಂತಿಷ್ಟು ಎಂದು ರಸ್ತೆ ಇಲಾಖೆಯವರಿಂದ ಬರೆಸಿಕೊಂಡು, ಆಸ್ಪತ್ರೆಯ ಜೀಪನ್ನು ಮೂತಿ ಕೆಳಗಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಎರಡು ಪ್ಲೇಟು ಬಿರಿಯಾನಿ ತಿಂದ ಕ್ಯಾಜಿಟನ್ ಅವರನ್ನು ಹಿಂದಿನ ಸೀಟುಗಳ ನಡುವೆ ತಲೆ ಕೆಳಮುಖವಾಗಿ ಮಲಗಿಸಲಾಯಿತು. ಮಂಗಳೂರಿಗೆ ಹೋಗುವ ಲಾರಿಗಳು ಹಿಂದೆ ಸಾಲುಗಟ್ಟಿದವು. ಒಬ್ಬ ಡ್ರೈವರ್ ಇಳಿದು ಬಂದು ಬಗ್ಗಿ ನೋಡಿ, ಸತ್ತವರೋ ಇದ್ದವರೋ ಎಂದು ವಿಚಾರಿಸಿದ. ಅದನ್ನೇ ತಿಳಿಯಲು ಬಂದಿದ್ದೇವೆ ಎಂದರು ವೀರಭದ್ರಯ್ಯ. ಹತ್ತನೆಯ ನಿಮಿಷಕ್ಕೆ ಹುಳಿ ಬಾಯಿಗೆ ಬಂತು. ಜೀಪನ್ನು ತಿರುಗಿಸಿ ಮೂತಿ ಮೇಲೆ ಮಾಡಿದರು, ಉರಿ ಇಳಿಯಿತು. ವರದಿ ಹೀಗೆ ಬರೆದುಕೊಂಡರು: "ಮಂಗಳೂರಿನ ಕಡೆಗೆ ಹೋಗುವಾಗ ರೋಗವಿದೆ. ಹಾಸನದ ಕಡೆಗೆ ಬರುವಾಗ ಇಲ್ಲ."

ಎರಡನೆಯದು ಎರಡು ಬಾಟಲಿಯ ಪರೀಕ್ಷೆ. ಇದು ಪುಸ್ತಕದಲ್ಲಿರುವ ನಿಜವಾದ ಪರೀಕ್ಷೆಯೇ ಎಂದು ಸುಸಾನ್ ಹೇಳಿದರು. ಮೂಗಿನಿಂದ ಅನ್ನನಾಳಕ್ಕೆ ಸಣ್ಣ ಕೊಳವೆ ಇಳಿಸಿ, ಒಮ್ಮೆ ಉಪ್ಪುನೀರು, ಒಮ್ಮೆ ತೆಳುವಾದ ಆಮ್ಲ ಹನಿಸುವುದು. ಯಾವುದು ಯಾವುದೆಂದು ರೋಗಿಗೆ ತಿಳಿಯಬಾರದು. ಆಮ್ಲ ಬಿದ್ದಾಗ ಮಾತ್ರ ಅವರದೇ ಹಳೆಯ ಉರಿ ಮರಳಿ ಬಂದರೆ ಕಾಯಿಲೆ ಹುಳಿಯದೇ ಎಂದು ಅರ್ಥ. ರೋಗಿಗೆ ತಿಳಿಯಬಾರದು ಎಂಬ ಮಾತು ವೀರಭದ್ರಯ್ಯನವರಿಗೆ ಬಹಳ ಹಿಡಿಸಿತು. ರೋಗಿಗೆ ತಿಳಿಯಬಾರದಾದರೆ ಡಾಕ್ಟರಿಗೂ ತಿಳಿಯಬಾರದು. ಡಾಕ್ಟರಿಗೆ ತಿಳಿಯಬಾರದಾದರೆ ಕಾರ್ಯದರ್ಶಿಗೆ ಸುತರಾಂ ತಿಳಿಯಬಾರದು. ಕೊನೆಗೆ ಬಾಟಲಿಗಳ ಲೇಬಲ್ ಕಿತ್ತು ಜಾಗ ಬದಲಿಸುವ ಕೆಲಸವನ್ನು ಕಾವಲುಗಾರನಿಗೆ ವಹಿಸಿದರು. ಅವನು ಬಾಟಲಿಗಳನ್ನು ನೋಡಕೂಡದೆಂದು ಅವನ ಕಣ್ಣಿಗೂ ಬಟ್ಟೆ ಕಟ್ಟಿದರು.

ಎರಡನೆಯ ಬಾಟಲಿ ಹನಿಯುತ್ತಲೇ ಕ್ಯಾಜಿಟನ್ ಎದೆ ಹಿಡಿದುಕೊಂಡರು. ಪರೀಕ್ಷೆ ಯಶಸ್ವಿಯಾಗಿತ್ತು. ಎರಡನೆಯ ಬಾಟಲಿಯಲ್ಲಿ ಏನಿತ್ತು ಎಂಬುದೊಂದು ಮಾತ್ರ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಪಸಮಿತಿ ಎರಡು ಸಲ ಸೇರಿತು. ಸುಸಾನ್ ಲಿಟ್ಮಸ್ ಕಾಗದ ತರಿಸಿ ಎಂದರು. ಅದಕ್ಕೆ ಮೂರು ಕೊಟೇಶನ್ ಬೇಕಿತ್ತು. ಸಭೆಗೆ ಚಹಾ ತಂದಿದ್ದ ಅಡುಗೆಯ ಗಂಗಾಮಣಿ ಎಷ್ಟೋ ಹೊತ್ತು ಕೇಳಿಸಿಕೊಂಡು ನಿಂತಿದ್ದಳು. ಆಮೇಲೆ ಎರಡೂ ಬಾಟಲಿ ಎತ್ತಿಕೊಂಡು ಹೋಗಿ, ಕಿಲುಬು ಹಿಡಿದ ತಾಮ್ರದ ಹಂಡೆಗೆ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಸುರಿದು ಉಜ್ಜಿದಳು. ಎರಡನೆಯ ಬಾಟಲಿಯ ಕಡೆ ಹಂಡೆ ಫಳಫಳ ಅಂದಿತು.

"ಇಷ್ಟಕ್ಕೆ ಕಮಿಟಿ ಬೇಕಾಗಿತ್ತಾ? ಹುಣಸೇಹಣ್ಣು ಕಂಡೋರಿಗೆಲ್ಲ ಗೊತ್ತೈತೆ ಕಣ್ರೀ."

ಹಂಡೆಯನ್ನು ದಾಖಲೆಯಾಗಿ ಕಡತಕ್ಕೆ ಸೇರಿಸಲಾಯಿತು. ಅಂದಿನಿಂದ ಆಸ್ಪತ್ರೆಯಲ್ಲಿ ಬಿಸಿನೀರಿಲ್ಲ.

ಡಬ್ಬಿ ತೆರೆಯುವ ಮುಂಚೆಯೇ, ಸ್ಯಾಂಪಲಿನ ಆಧಾರದ ಮೇಲೆ, ಏಪ್ರಿಲ್ ಮೊದಲ ವಾರ ಪೂಲಿನ ಮೊದಲ ಕಂತಿನ ಪತ್ರ ಬಂತು. ತಲಾ ಆರಾಣೆ ಹುಳಿ. ಉಳಿದದ್ದು ಅಂತಿಮ ಕಂತಿನಲ್ಲಿ. ಕ್ಯಾಜಿಟನ್ ಅದನ್ನು ಬೊನಿಫಾಸ್‌ಗೆ ಅಂಚೆಯಲ್ಲಿ ಕಳಿಸಿದರು. ಹುಚ್ಚಾಸ್ಪತ್ರೆಯ ಕಾಗದ ಎಂದು ಅವರು ವಾಪಸು ಎಸೆಯುತ್ತಾರೆ, ಆಗ ನೇರ ಮಾತಿಗೆ ದಾರಿಯಾಗುತ್ತದೆ ಎಂದು ಇವರ ಎಣಿಕೆ. ಬಂದ ಉತ್ತರವೇ ಬೇರೆ. ಕಾಗದ ಅಚ್ಚುಕಟ್ಟಾಗಿದೆ, ಇಂಥದ್ದನ್ನು ನೋಡಿ ವರ್ಷಗಳೇ ಆಗಿದ್ದವು, ಆರಾಣೆಯ ಆಧಾರದ ಮೇಲೆ ಎರಡು ಚೀಟಿಗೆ ಒಪ್ಪಿಗೆ ಇದೆ, ಮೂರನೆಯದಕ್ಕೆ ಅಂತಿಮ ಕಂತು ಬರಲಿ, ಅದರಲ್ಲಿ ಹೃದಯದ ಹೆಸರು ಇರಕೂಡದು ಎಂದು ಬರೆದಿತ್ತು. ಪೂಲಿನವರ ಕಾಗದ ಪೂಲಿನವರಿಗೆ ಅರ್ಥವಾಗಿತ್ತು. ಅರ್ಥವಾಗದವರು ತಾವೊಬ್ಬರೇ ಎಂದು ಕ್ಯಾಜಿಟನ್‌ಗೆ ಮೊದಲ ಸಲ ಅನುಮಾನ ಬಂತು.

ಎರಡು ಭಾನುವಾರ ಚೀಟಿ ಓದಿದರು. ಮೂರನೆಯ ಭಾನುವಾರಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಅಂತಿಮ ಕಂತು ಬೋರ್ಡಿಗೆ ಬಿತ್ತು. ಪೂಲಿಗೆ ಸೇರಿದವರು ಒಟ್ಟು ಹದಿನಾರು ಮಂದಿ. ಡಬ್ಬಿಯಲ್ಲಿ ಸಿಕ್ಕಿದ್ದು: ಹುಳಿ ಹನ್ನೆರಡು, ಪಿತ್ತಕೋಶದ ಕಲ್ಲು ಎರಡು, ಹೃದಯ ಒಂದು, ಗರ್ಭ ಒಂದು. ಆದ್ದರಿಂದ ಪ್ರತಿ ಸದಸ್ಯರಿಗೂ ಹನ್ನೆರಡಾಣೆ ಹುಳಿ, ಎರಡಾಣೆ ಕಲ್ಲು, ಒಂದಾಣೆ ಹೃದಯ, ಒಂದಾಣೆ ಗರ್ಭ.

ಗರ್ಭ ಹಾನುಬಾಳಿನಲ್ಲಿ ಅಂಗಡಿ ಇಟ್ಟಿದ್ದ ಕಮಲಮ್ಮನದು. ಬಸುರಿಗೆ ಎದೆ ಉರಿಯುತ್ತದೆಂದು ಬಂದವಳನ್ನೂ ಪೂಲಿಗೆ ಹಾಕಿದ್ದರು. ಹೃದಯ ಯಸಳೂರಿನ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ನಂಜುಂಡನದು. ಇದನ್ನು ಡಬ್ಬಿ ಹೇಳಬೇಕಾಗಿರಲಿಲ್ಲ. ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯ ಏರು ಹತ್ತುವಷ್ಟರಲ್ಲಿ ಅವನು ನಾಲ್ಕು ಕಡೆ ನಿಂತು ಎದೆ ನೀವಿಕೊಳ್ಳುವುದನ್ನು ಎಲ್ಲರೂ ನೋಡುತ್ತಿದ್ದರು. ಸುಸಾನ್ ಅವನನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿ ಎಂದು ಏಳು ಸಲ ಬರೆದಿದ್ದರು. ಎಂಟಾಣೆಗೆ ಕಡಿಮೆ ಹೃದಯವುಳ್ಳವರನ್ನು ಸಂಘದ ಜೀಪಿನಲ್ಲಿ ಹೊರಗೆ ಕಳಿಸಲು ನಿಯಮವಿಲ್ಲವೆಂದು ಏಳು ಸಲ ಉತ್ತರ ಬಂದಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಕ್ಯಾಜಿಟನ್ ತಮ್ಮ ಒಂದಾಣೆ ಹೃದಯವನ್ನು ಕೈಯಲ್ಲಿ ಹಿಡಿದು ಕೂತಿದ್ದರು. ಪಕ್ಕದಲ್ಲಿ ನಂಜುಂಡ ತನ್ನ ಒಂದಾಣೆ ಹಿಡಿದು ಕೂತಿದ್ದ.

"ಯಾಕ್ ಪೊರ್ಬುಗಳೇ, ಮಂಕಾಗ್ಬುಟ್ರಿ?"

ಈ ಒಂದಾಣೆಯಿಂದ ಮಗಳ ಮದುವೆ ನಿಲ್ಲುತ್ತದೆ ಎಂದರು ಕ್ಯಾಜಿಟನ್.

"ನಂಗೆ ಇನ್ನೇಳಾಣೆ ಸಿಕ್ಕಿದ್ರೆ ಜೀವ ಉಳೀತಿತ್ತು ಮಾರಾಯ್ರೆ. ನಿಮ್ಗೆ ಹೆಚ್ಚಾಯ್ತು, ನಂಗೆ ಕಮ್ಮಿ ಆಯ್ತು. ಎಂಥಾ ಕತೆ."

ಕ್ಯಾಜಿಟನ್ ಅವನ ಮುಖ ನೋಡಿದರು. ಮೂವತ್ತು ವರ್ಷದಿಂದ ಅವರು ಅನ್ನ ತಿಂದದ್ದೇ ಈ ಮಾತಿನಿಂದ: ಒಬ್ಬನಲ್ಲಿ ಹೆಚ್ಚಾದದ್ದು, ಇನ್ನೊಬ್ಬನಲ್ಲಿ ಕಡಿಮೆಯಾದದ್ದು. ಮೂರು ತಿಂಗಳಲ್ಲಿ ಮೊದಲ ಸಲ ಅವರಿಗೆ ತಾವು ಪರಿಚಿತ ಜಾಗಕ್ಕೆ ಬಂದಂತೆ ಆಯಿತು. ಎದ್ದು ಒಳಗೆ ಹೋಗಿ, ಪೂಲಿನ ಪಾಲನ್ನು ಸದಸ್ಯರು ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳಬಾರದೆಂದು ನಿಯಮ ಇದೆಯೇ ಎಂದು ವಿನಯದಿಂದ ಕೇಳಿದರು.

ವೀರಭದ್ರಯ್ಯ ಪುಸ್ತಕ ಮೊದಲಿನಿಂದ ಕೊನೆಯವರೆಗೆ ಮಗುಚಿ ನೋಡಿದರು. ಇರಲಿಲ್ಲ. ಅವರ ಮುಖ ಅರಳಿತು. ಅರ್ಧ ಗಂಟೆಯಲ್ಲಿ 'ಕಾಯಿಲೆಯ ಅಂಶ ವರ್ಗಾವಣೆ' ಎಂಬ ಹೊಸ ನಮೂನೆ ಟೈಪಾಯಿತು. ಷರತ್ತು ಒಂದೇ: ಕೊಟ್ಟಷ್ಟೇ ತೆಗೆದುಕೊಳ್ಳಬೇಕು, ಯಾವ ಸದಸ್ಯನ ಕಾಯಿಲೆಯೂ ಹದಿನಾರಾಣೆಗಿಂತ ಹೆಚ್ಚೂ ಕಡಿಮೆಯೂ ಆಗಕೂಡದು.

ಶನಿವಾರ ಬೆಳಗಾಗುತ್ತಲೇ ಕ್ಯಾಜಿಟನ್ ಜೀಪು ಹತ್ತಿದರು. ನಂಜುಂಡನ ಬಳಿ ಹೃದಯ ಬಿಟ್ಟು ಹದಿನೈದಾಣೆ ಸರಕಿತ್ತು: ಹನ್ನೆರಡು ಹುಳಿ, ಎರಡು ಕಲ್ಲು, ಒಂದು ಗರ್ಭ. ಅದನ್ನು ಕೊಟ್ಟು ಹದಿನೈದು ಮನೆಯಿಂದ ಹದಿನೈದಾಣೆ ಹೃದಯ ಎತ್ತಬೇಕು. ಹುಳಿಗೆ ಗಿರಾಕಿಗಳ ಬರವಿಲ್ಲ. ಹೃದಯ ಬಿಟ್ಟು ಹುಳಿ ತೆಗೆದುಕೊಳ್ಳಿ ಎಂದರೆ ಜನ ಮರುಮಾತಾಡದೆ ಸಹಿ ಹಾಕಿದರು. ಆಲೂರಿನ ಕಡೆಯ ಚಲುವಯ್ಯ ಮಾತ್ರ, ಒಂದಾಣೆ ಹೃದಯ ಬಂದಾಗಿನಿಂದ ಹೆಂಡತಿ ತನ್ನ ಮೇಲೆ ರೇಗುವುದನ್ನು ಬಿಟ್ಟಿದ್ದಾಳೆ, ಅದನ್ನು ಕೊಡುವುದಿಲ್ಲ ಎಂದು ಹಟ ಹಿಡಿದ. ಅವನಿಗೆ ಪಿತ್ತಕೋಶದ ಕಲ್ಲಿನ ನೋವನ್ನು ಕ್ಯಾಜಿಟನ್ ನೆಲಕ್ಕೆ ಬಿದ್ದು ಹೊರಳಿ ತೋರಿಸಿ, ಇದಕ್ಕೆ ಹೆಂಡತಿಯರು ಇನ್ನೂ ಹೆದರುತ್ತಾರೆ ಎಂದು ನಂಬಿಸಿದರು. ಅದನ್ನು ನೋಡಿ, ಪೂಲಿನಲ್ಲೇ ಇದ್ದ ಪಕ್ಕದ ಮನೆಯವನೂ ಕಲ್ಲೇ ಬೇಕೆಂದ. ಹೀಗೆ ಎರಡೂ ಕಲ್ಲು ಒಂದೇ ಬೀದಿಯಲ್ಲಿ ಖರ್ಚಾದವು.

ಹಾನುಬಾಳಿಗೆ ಹೋದಾಗ ಕಮಲಮ್ಮ ಅಂಗಡಿಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ತಿಂಗಳು ತುಂಬಿತ್ತು.

"ಬನ್ನಿ ಪೊರ್ಬುಗಳೇ. ನೀವು ಎಷ್ಟಾಣೆ ಬಸುರಿ?"

ಒಂದಾಣೆ ಎಂದರು ಕ್ಯಾಜಿಟನ್.

"ನಂಗೂ ಒಂದಾಣೆಯೇ ಬರ್ದವ್ರೆ. ಮಿಕ್ಕಿದ್ ಹದಿನೈದಾಣೆ ಯಾರ್ ಹೊರ್ತಾವ್ರೆ ಅಂತ ಸೆಕ್ರೆಟ್ರಿನ ಕೇಳ್ದೆ. ಲಿಸ್ಟ್ ಐತಮ್ಮ ಅಂದ್ರು."

ಅವಳೂ ಹೃದಯ ಕೊಟ್ಟು ಹುಳಿ ತೆಗೆದುಕೊಂಡಳು. ಇದ್ದ ಹುಳಿಯಲ್ಲಿ ಇದು ಹೇಗಿದ್ದರೂ ಬೆರೆತುಹೋಗುತ್ತದೆ ಎಂದಳು.

ಸಂಜೆ ಆರಕ್ಕೆ ಹದಿನಾಲ್ಕು ಸಹಿ ಮುಗಿದು ಕ್ಯಾಜಿಟನ್ ಅವರ ಸರದಿ ಬಂತು. ನಂಜುಂಡನ ಚೀಲದ ಬುಡದಲ್ಲಿ ಉಳಿದದ್ದು ಒಂದಾಣೆ ಗರ್ಭ. ದಲ್ಲಾಳಿಗೆ ಬುಡದ ಮಾಲೇ ಗತಿ ಎಂಬುದು ಅವರಿಗೆ ಹೊಸದಲ್ಲ. ಸಹಿ ಹಾಕಿದರು. ಹದಿನಾರಾಣೆ ಹೃದಯವಾದ ನಂಜುಂಡನ ಕಾಗದಕ್ಕೆ ವೀರಭದ್ರಯ್ಯ ಎದ್ದು ನಿಂತು ಮೊಹರು ಒತ್ತಿದರು. ತಮ್ಮ ಸೇವಾವಧಿಯಲ್ಲಿ ಇಷ್ಟು ಶುದ್ಧವಾದ ಮಾಲು ನೋಡಿರಲಿಲ್ಲವಂತೆ. ಸುಸಾನ್ ಒಂದು ಕ್ಷಣವೂ ತಡಮಾಡದೆ ಅವನನ್ನು ಜೀಪಿಗೆ ಹತ್ತಿಸಿ ಮಂಗಳೂರಿಗೆ ಕಳಿಸಿದರು. ಕ್ಯಾಜಿಟನ್ ಕೈಗೆ ಬಂದ ಪತ್ರದಲ್ಲಿ ಹೀಗಿತ್ತು: ಹುಳಿ ಹನ್ನೆರಡಾಣೆ, ಕಲ್ಲು ಎರಡಾಣೆ, ಗರ್ಭ ಎರಡಾಣೆ, ಹೃದಯ ಇಲ್ಲ.

ಭಾನುವಾರ ಬೆಳಿಗ್ಗೆ ಪೂಜೆಗೆ ಮುಂಚೆ, ಇಗರ್ಜಿಯ ಅಂಗಳದಲ್ಲಿ, ಮೊದಲ ಬಸ್ಸಿಗೆ ಘಾಟಿ ಹತ್ತಿ ಬಂದಿದ್ದ ಬೊನಿಫಾಸ್ ಪತ್ರವನ್ನು ಎರಡು ಸಲ ಓದಿದರು. ಕೂಡಿಸಿ ನೋಡಿದರು. ಮೊಹರನ್ನು ಬೆಳಕಿಗೆ ಹಿಡಿದರು. ಕಾನ್ಸೆಪ್ಟಾ ಜಪಮಣಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಪೆಟ್ರೀಷಿಯಾ ಕಂಬದ ಹಿಂದೆ ನಿಂತಿದ್ದಳು.

"ಈ ಎರಡಾಣೆ ಗರ್ಭ?" ಎಂದರು ಬೊನಿಫಾಸ್.

ಪೂಲಿನಲ್ಲಿ ಬಂದದ್ದು ಎಂದರು ಕ್ಯಾಜಿಟನ್. ಒಂದು ಪಾಲಿಗೆ ಬಂತು, ಒಂದು ವರ್ಗಾವಣೆಯಲ್ಲಿ.

ಬೊನಿಫಾಸ್ ಕಾಗದ ಮಡಿಸಿ ಜೇಬಿಗಿಟ್ಟರು. "ಅದು ಇರಲಿ ಬಾಬ್. ಶುಭಕಾರ್ಯದ ಮನೆ."

ಮೂರನೆಯ ಚೀಟಿ ಓದಿದರು.

ಮದುವೆ ಬುಧವಾರ. ಹತ್ತು ಗಂಟೆಗೆ ಇಗರ್ಜಿಯಲ್ಲಿ ಎಲ್ಲವೂ ಸಾಂಗವಾಗಿ ನಡೆಯಿತು. ಹನ್ನೆರಡಕ್ಕೆ ಸಭಾಂಗಣದಲ್ಲಿ ಇನ್ನೇನು ಊಟಕ್ಕೆ ಕೂರಬೇಕು, ಆಸ್ಪತ್ರೆಯ ಜೀಪು ಬಂತು. ಕಮಲಮ್ಮನಿಗೆ ಬೆಳಗಿನಿಂದ ನೋವು. ನಿಯಮದ ಪ್ರಕಾರ ಹೆರಿಗೆಯ ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಪ್ರತಿ ಆಣೆಗೆ ಒಂದೂವರೆ ಗಂಟೆಯಂತೆ ಹೆರಿಗೆ ವಾರ್ಡಿನ ಮಂಚ ಹಂಚಿಕೆಯಾಗಿದೆ. ಕಮಲಮ್ಮನ ಒಂದೂವರೆ ಗಂಟೆ ಬೆಳಿಗ್ಗೆ ಏಳೂವರೆಗೇ ಮುಗಿಯಿತು. ಹನ್ನೆರಡರಿಂದ ಮೂರರ ತನಕ ಕ್ಯಾಜಿಟನ್ ಡಿಸೋಜ. ಮಂಚ ಖಾಲಿ ಬಿಟ್ಟರೆ ಪತ್ರ ರದ್ದು. ರದ್ದಾದರೆ ಹೃದಯ ವಾಪಸು.

ಕ್ಯಾಜಿಟನ್ ಬೊನಿಫಾಸ್ ಮುಖ ನೋಡಿದರು. ಎರಡಾಣೆ ಒಪ್ಪಿಕೊಂಡು ಸಹಿ ಹಾಕಿದ ಮೇಲೆ ಹೋಗುವುದೇ ಮರ್ಯಾದೆ ಎಂದರು ಅವರು. ಬೇಗ ಬನ್ನಿ ಪಪ್ಪಾ, ಕೇಕ್ ಕತ್ತರಿಸುವುದಿದೆ ಎಂದಳು ಪೆಟ್ರೀಷಿಯಾ. ಕಾನ್ಸೆಪ್ಟಾ ಒಂದು ಟವೆಲ್ ಕೊಟ್ಟು ಕಳಿಸಿದಳು.

ಸೂಟು, ಬೂಟು, ಎದೆಯ ಮೇಲೆ ಬಿಳಿಯ ಹೂವು. ಕ್ಯಾಜಿಟನ್ ಹೆರಿಗೆ ಮಂಚದ ಮೇಲೆ ನೆಟ್ಟಗೆ ಮಲಗಿದರು. ಅವರ ಹಿಂದಿನ ಸರದಿಯವರು ಬೀಡಿಯ ವಾಸನೆ ಬಿಟ್ಟುಹೋಗಿದ್ದರು. ಪಕ್ಕದ ಡ್ರೆಸಿಂಗ್ ಕೋಣೆಯ ಮೇಜಿನ ಮೇಲೆ ಕಮಲಮ್ಮನನ್ನು ಮಲಗಿಸಿಕೊಂಡು ಸುಸಾನ್ ಮತ್ತು ಗಂಗಾಮಣಿ ಕೆಲಸದಲ್ಲಿದ್ದರು. ಅಲ್ಲಿಂದ ಕೂಗು ಬಂದಾಗಲೆಲ್ಲ ವೀರಭದ್ರಯ್ಯ ಕ್ಯಾಜಿಟನ್ ಅವರ ನಾಡಿ ಹಿಡಿದು ಬರೆದುಕೊಳ್ಳುತ್ತಿದ್ದರು. ಒಂದು ಗಂಟೆ ನಲವತ್ತು ನಿಮಿಷಕ್ಕೆ ಮಗು ಅತ್ತಿತು. ಗಂಡು. ಸಮಯ ಯಾರ ಸರದಿಯದೋ ಅವರ ಹೆಸರಿಗೆ ಬರೆಯುವುದು ಕ್ರಮವಾದ್ದರಿಂದ ರಿಜಿಸ್ಟರಿನಲ್ಲಿ ತಾಯಿಯ ಹೆಸರಿನ ಮುಂದೆ ಕ್ಯಾಜಿಟನ್ ಡಿಸೋಜ ಎಂದು ಬಿತ್ತು. ಅವರು ಸಹಿ ಮಾಡುವಾಗ ಬಾಗಿಲಿನಿಂದ ಕಮಲಮ್ಮನ ಸ್ವರ ಕೇಳಿಸಿತು. ದಣಿದಿತ್ತು, ಕೊಂಕು ಮಾತ್ರ ಹಾಗೇ ಇತ್ತು.

"ಹೆತ್ತಿದ್ದು ನಾನು, ಮಲ್ಗಿದ್ದು ನೀವು. ಬಾಣಂತನಕ್ಕಾದ್ರೂ ಒಂದ್ ಕೋಳಿ ಕಳ್ಸಿ ಪೊರ್ಬುಗಳೇ."

ಮದುವೆಯ ಅಡುಗೆಯಿಂದ ಎರಡು ಕೋಳಿ ಕಳಿಸುವುದಾಗಿ ಕ್ಯಾಜಿಟನ್ ಒಪ್ಪಿಕೊಂಡರು. ಆಣೆಗೊಂದು ಎಂದು ವೀರಭದ್ರಯ್ಯ ಅದನ್ನೂ ನಿಯಮಕ್ಕೆ ಸೇರಿಸಿದರು.

ಮೂರು ಗಂಟೆಗೆ ಮುಂದಿನ ಸರದಿಯ ಚಲುವಯ್ಯ ಚಾಪೆ ಸುತ್ತಿಕೊಂಡು ಬಂದ. ಮಗು ಹುಟ್ಟಿಯಾಯಿತಲ್ಲ ಎಂದು ಯಾರೂ ಹೇಳಲಿಲ್ಲ. ಅವನು ಮಲಗಿದ. ಕ್ಯಾಜಿಟನ್ ಸಭಾಂಗಣಕ್ಕೆ ಮರಳಿದಾಗ ಇನ್ನೂರು ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೊನಿಫಾಸ್ ಗಾಜಿನ ಲೋಟ ಎತ್ತಿ, ವಧೂವರರಿಗೂ ಬಾಣಂತಿಗೂ ಒಟ್ಟಿಗೇ ಶುಭ ಕೋರಿದರು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಹಂದಿಮಾಂಸ ಬಡಿಸಲು ಬಂದವನನ್ನು, ಹೆತ್ತವರಿಗೆ ಖಾರ ಆಗದು ಎಂದು ಹಿಂದಕ್ಕೆ ಕಳಿಸಿದವಳು ಕಾನ್ಸೆಪ್ಟಾ.

ಅದೇ ಸಂಜೆ ಆಸ್ಪತ್ರೆಯ ಬೋರ್ಡಿನ ಮೇಲೆ ಮೊಹರು ಬಿದ್ದ ಪ್ರಕಟಣೆ ಇತ್ತು: "ಈ ಸಾಲಿನ ಎದೆಯುರಿಯ ಪೂಲಿನಿಂದ ಒಂದು ಗಂಡು ಮಗು ಉತ್ಪತ್ತಿಯಾಗಿದೆ. ತಾಯಿ ಮತ್ತು ಮಗು ಕ್ಷೇಮ. ತಾಯಿ ಮಗಳ ಮದುವೆಯ ಊಟಕ್ಕೆ ತೆರಳಿರುತ್ತಾರೆ."